ಖಡ್ಗಸ್ನೇಹಿ ಚಾಪೆ

ಸಿಂಗಪುರದ ಚೋವಾ ಚು ಕಾಂಗ್ ಕನ್ನಡ ಹವ್ಯಾಸ ಕೂಟದ ಖಡ್ಗಾಭ್ಯಾಸ ಉಪಸಮಿತಿಯ ಬಳಿ ಒಂದೇ ಒಂದು ಜಪಾನಿ ಕತ್ತಿ ಇದ್ದು, ಅದು ಹೊಸಬರು ಕಡಿದು ಕಲಿಯಲೆಂದೇ ಮಾಡಿದ್ದೆಂದು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿತ್ತು.

ಕಡಿಯಬೇಕಾದದ್ದು ನೀರಲ್ಲಿ ನೆನೆಸಿ, ಸುರುಳಿ ಸುತ್ತಿ ನಿಲ್ಲಿಸಿದ ಹುಲ್ಲುಚಾಪೆ. ಓರೆಯಾಗಿ, ಒಂದೇ ಏಟಿಗೆ. ಅನಂತರಾಮ್ ಹನ್ನೊಂದು ತಿಂಗಳು ಬರೀ ಮರದ ಕೋಲು ಬೀಸಿ ಈ ದಿನಕ್ಕೆ ಕಾದಿದ್ದರು. ಸರದಿ ಗೊತ್ತಾಗಿದ್ದದ್ದು ವಿಜಯದಶಮಿಗೆ. ಮರುದಿನ ಅವರಿಗೆ ಅರವತ್ತೈದು ತುಂಬುತ್ತದೆ. ಅರವತ್ತೈದು ತುಂಬಿದವರು ಕತ್ತಿಯನ್ನು ನೋಡಬಹುದೇ ಹೊರತು ಹಿಡಿಯತಕ್ಕದ್ದಲ್ಲ ಎಂಬುದು ಒಂಬತ್ತನೇ ನಿಯಮ. ಅಂದರೆ ಜನ್ಮಕ್ಕೆ ಒಂದೇ ಛಾನ್ಸು.

ಅಧ್ಯಕ್ಷ ಹರ್ಷವರ್ಧನ್ ಯಾವುದೋ ಬ್ಯಾಂಕಿನಲ್ಲಿ ರಿಸ್ಕ್ ವಿಭಾಗ ನೋಡಿಕೊಳ್ಳುವವರು. ಕತ್ತಿಯನ್ನು ದೂರದಿಂದಲೇ ಪರೀಕ್ಷಿಸಿದರು.

"ಅಂಕಲ್, ಇದು ತುಂಬಾ ಶಾರ್ಪ್ ಇದೆ."

"ಕತ್ತಿ ಅಲ್ಲವೇನಪ್ಪಾ?"

"ಅದೇ ಪ್ರಾಬ್ಲಮ್ಮು."

ಕತ್ತಿಯನ್ನು ನಿಜವಾಗಿಯೂ ಹೊಸಬರಿಗೆ ಒಗ್ಗಿಸಲು ಅಲಗನ್ನು ಉಜ್ಜಿ ಮೊಂಡು ಮಾಡಿಸಲಾಯಿತು. ಹಬ್ಬಕ್ಕೆ ಮುಂಚಿನ ಶನಿವಾರ, ಕತ್ತಿಯ ಪ್ರಯೋಗಕ್ಕೆಂದು ಅನಂತರಾಮ್ ಮೂರು ಏಟು ಹೊಡೆದರು. ಚಾಪೆ ಮೂರು ಸಲ ವಿನಯದಿಂದ ಬಾಗಿ, ಮತ್ತೆ ಎದ್ದು ನಿಂತಿತು. ಕೂಡಲೇ ವಿಚಾರಣೆ ನಡೆದು ವರದಿ ಬಂತು: "ಚಾಪೆಯು ಅಭ್ಯಾಸಕ್ಕೆ ಸಹಕರಿಸಿರುವುದಿಲ್ಲ. ಇನ್ನು ಮುಂದೆ ಚಾಪೆಗಳನ್ನು ಖಡ್ಗಸ್ನೇಹಿಯಾಗಿ, ಅಂದರೆ ಮುಂಚಿತವಾಗಿಯೇ ಕತ್ತರಿಸಿ, ಟೂತ್‌ಪಿಕ್ಕಿನಿಂದ ಜೋಡಿಸಿ ಒದಗಿಸತಕ್ಕದ್ದು."

ಕತ್ತರಿಸುವವರು ಯಾರು? ಚಾಪೆಗಳು ನೆನೆಯುತ್ತಿದ್ದದ್ದು ಅನಂತರಾಮ್ ಮನೆಯ ಬಾತ್‌ರೂಮಿನಲ್ಲಿ.

"ರೀ, ನಾನು ಸ್ನಾನ ಮಾಡೋದು ಯಾವಾಗ?" ಎಂದ ಅವರ ಹೆಂಡತಿ ಕಾಮಾಕ್ಷಿ, ವಿಷಯ ಕೇಳಿ, ಮೈಸೂರಿನಿಂದ ತಂದಿದ್ದ ಈಳಿಗೆಮಣೆ ಎಳೆದು ಕೂತರು. ಕುಕ್ಕರ್ ಮೂರನೇ ಸಲ ಕೂಗುವಷ್ಟರಲ್ಲಿ ಹನ್ನೆರಡು ಸುರುಳಿಗಳೂ ಓರೆಯಾಗಿ, ನುಣ್ಣಗೆ, ಎರಡೆರಡಾಗಿದ್ದವು.

"ಬಾಳೆದಿಂಡಿಗಿಂತ ಮೆತ್ತಗಿದೆ ಕಣ್ರೀ. ಇಷ್ಟೇನಾ?"

"ನಿಂಗೆ ಯಾರೇ ಕಲಿಸಿದ್ದು?"

"ಹುಳಿಗೆ ಹೆಚ್ಚೋದನ್ನ ಯಾರಾದ್ರೂ ಕಲಿಸ್ತಾರಾ?"

ವಿಜಯದಶಮಿಯ ದಿನ ಅನಂತರಾಮ್ ಉಸಿರು ಬಿಗಿಹಿಡಿದು ಕತ್ತಿ ಎತ್ತಿದರು. ಅದು ಇಳಿಯುವ ಮೊದಲೇ, ಫ್ಯಾನಿನ ಗಾಳಿಗೆ, ಚಾಪೆಯ ತಲೆ ಧೊಪ್ಪೆಂದು ಬಿತ್ತು.

"ತಾತ, ಟಚ್ಚೇ ಆಗ್ಲಿಲ್ಲ ಲಾ!" ಎಂದು ಮೊಮ್ಮಗಳು ನವ್ಯಾ ಕೂಗಿದಳು.

"ಅದಕ್ಕೇ ಪುಟ್ಟಾ, ತಾತಂಗೆ ಡಿಸ್ಟಿಂಕ್ಷನ್," ಎಂದರು ಹರ್ಷವರ್ಧನ್. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕತ್ತಿ ಏನನ್ನೂ ತಾಕಲಿಲ್ಲವೆಂದು ಅನಂತರಾಮ್ ಕೈಗೆ ಚೆನ್ನಾಗಿ ಗೊತ್ತಿತ್ತು. ಆದರೆ ಚಪ್ಪಾಳೆ ಬಿದ್ದದ್ದು ಕಿವಿಗೆ. ಅವರು ಕಿವಿಯನ್ನೇ ನಂಬಿದರು.

ಮರುದಿನ, ಕತ್ತಿ ಹಿಡಿಯುವ ವಯಸ್ಸು ಮೀರಿದ್ದರಿಂದ, ಅವರನ್ನು ಛೇದನ ಸಲಹೆಗಾರರನ್ನಾಗಿ ನೇಮಿಸಲಾಯಿತು. ಮೊದಲು ಅವರ ಮುಂದೆ ಬಂದದ್ದು ಮುಂದಿನ ತಂಡಕ್ಕೆ ಸೇರಲು ಕಾಮಾಕ್ಷಿ ಹಾಕಿದ್ದ ಅರ್ಜಿ. "ಅಡುಗೆಮನೆಯ ಅನುಭವವನ್ನು ಪರಿಗಣಿಸತಕ್ಕದ್ದಲ್ಲ, ಅಭ್ಯರ್ಥಿಗೆ ಕತ್ತರಿಸುವ ಬಗ್ಗೆ ಪ್ರಾಥಮಿಕ ತಿಳಿವಳಿಕೆಯೂ ಇಲ್ಲ" ಎಂಬ ಉತ್ತರಕ್ಕೆ ಅವರೇ ಸಹಿ ಮಾಡಿ, ಮನೆಗೆ ತಂದು, ಹೆಂಡತಿಯ ಕೈಗಿತ್ತರು.

ಕಾಮಾಕ್ಷಿ ಓದಿ, ನಾಲ್ಕಾಗಿ ಮಡಚಿ, ಅಲ್ಲಾಡುತ್ತಿದ್ದ ಈಳಿಗೆಮಣೆಯ ಕಾಲಡಿಗೆ ಕೊಟ್ಟರು. ಮಣೆ ಗಟ್ಟಿಯಾಗಿ ನಿಂತಿತು. ಮುಂದಿನ ತಂಡದ ಹದಿನೆಂಟು ಚಾಪೆ ಬಾಕಿ ಇದ್ದವು.