ತಲೆ ಅಡ್ಡಡ್ಡ ಆಡಿಸಿದರೆ ಹೌದು

ಗೋರ್ನಾ ಗ್ಲಿನಾ ಮಣ್ಣಿನ ಪಾತ್ರೆ ಕಾರ್ಖಾನೆ, ಬಲ್ಗೇರಿಯಾ
ಜಾಗತಿಕ ಗುರಿ ಹೊಂದಾಣಿಕೆ ಕೋಶ
(ಹಿಂದಿನ ಸಲಕರಣೆ ಕೊಠಡಿ, ಗೇಟಿನ ಎಡಕ್ಕೆ)

ಸಂಖ್ಯೆ: ಜಾಗುಹೋ/ತಲೆ/17/2023
ದಿನಾಂಕ: 6 ನವೆಂಬರ್ 2023

ಸುತ್ತೋಲೆ

ವಿಷಯ: ಹದಿನೇಳು ಜಾಗತಿಕ ಸುಸ್ಥಿರ ಗುರಿಗಳ ಅನುಷ್ಠಾನದ ಸಲುವಾಗಿ ಕಾರ್ಖಾನೆಯ ಆವರಣದಲ್ಲಿ ತಲೆ ಆಡಿಸುವ ದಿಕ್ಕನ್ನು ಏಕರೂಪಗೊಳಿಸುವ ಹಾಗೂ ಪಾತ್ರೆ ಸುಡುವ ಎರಡನೇ ಆವಿಗೆಯನ್ನು ಮುಚ್ಚುವ ಅಥವಾ ಮುಚ್ಚದಿರುವ ಕುರಿತು.

ಉಲ್ಲೇಖ:
1. ಡೆನ್ಮಾರ್ಕಿನ ಪರಿಶೀಲಕ ಶ್ರೀ ಆಸ್ಗರ್ ಲುಂಡ್ಬಿ ಅವರ ಮೊದಲ ವರದಿ, 14 ಸೆಪ್ಟೆಂಬರ್.
2. ಅದೇ ಪರಿಶೀಲಕರ ಎರಡನೇ ವರದಿ, 26 ಅಕ್ಟೋಬರ್ (ಮೊದಲನೆಯದರ ತಪ್ಪುಗಳನ್ನು ದೃಢೀಕರಿಸಿರುವುದು).
3. ಎರಡನೇ ಆವಿಗೆಯ ಮೇಸ್ತ್ರಿ ಶ್ರೀಮತಿ ಸ್ತಾಮೆನಾ ಗ್ರಂಚರೋವಾ ಅವರ ಮೌಖಿಕ ಅಹವಾಲು, ದಿನಕ್ಕೆ ಎರಡು ಬಾರಿಯಂತೆ.
4. ನಿರ್ದೇಶಕರ ತಲೆ, 3 ನವೆಂಬರ್, ಸಂಜೆ 4.40.

ಪೀಠಿಕೆ:

ಈ ನಾಡಿನಲ್ಲಿ ತಲೆಯನ್ನು ಅಡ್ಡಡ್ಡ ಆಡಿಸಿದರೆ ಹೌದು ಎಂದೂ, ಮೇಲೆ-ಕೆಳಗೆ ಆಡಿಸಿದರೆ ಇಲ್ಲ ಎಂದೂ ತಲತಲಾಂತರದಿಂದ ನಡೆದುಕೊಂಡು ಬಂದಿರುವುದು ಸರಿಯಷ್ಟೆ. ಉಳಿದ ಜಗತ್ತು ಇದಕ್ಕೆ ತಿರುಗುಮುರುಗಾಗಿ ಆಡಿಸುತ್ತದೆ ಎಂಬ ಸಂಗತಿ ಎಲ್ಲರಿಗೂ ಗೊತ್ತಿದ್ದರೂ, ಪರಿಶೀಲಕರು ಬಂದ ದಿನ ಯಾರಿಗೂ ನೆನಪಾಗಿರುವುದಿಲ್ಲ.

ಸದರಿ ದಿನ ದುಭಾಷಿ ಕ್ರಸ್ತಿನಾ ಅವರ ಹೆಸರಿನ ಹಬ್ಬವಿದ್ದು (ಪವಿತ್ರ ಶಿಲುಬೆಯ ದಿನ; ಆ ಹೆಸರಿನವರು ಸಿಹಿ ಹಂಚುವುದು ವಾಡಿಕೆ), ಅವರು ಹನ್ನೊಂದು ಗಂಟೆಗೆ ಎಲ್ಲರಿಗೂ ಸಿಹಿ ಹಂಚಿ ಮನೆಗೆ ಹೋಗಿರುತ್ತಾರೆ. ಪರಿಶೀಲಕರು ಬಲ್ಗೇರಿಯನ್ ಭಾಷೆಯಲ್ಲಿ ಬರೆಸಿ ತಂದಿದ್ದ ಪ್ರಶ್ನೆಗಳ ಚೀಟಿಗಳನ್ನು ಕೆಲಸಗಾರರಿಗೆ ತೋರಿಸಿ, ಅವರ ತಲೆ ನೋಡಿ ಉತ್ತರ ಬರೆದುಕೊಂಡಿರುತ್ತಾರೆ. ‘ಮಣ್ಣು ತೊಳೆದ ನೀರನ್ನು ಹಳ್ಳಕ್ಕೆ ಬಿಡುತ್ತೀರಾ?’ ಎಂಬ ಚೀಟಿಗೆ ಆರು ಜನ ಪ್ರಾಮಾಣಿಕವಾಗಿ ತಲೆಯನ್ನು ಅಡ್ಡಡ್ಡ ಆಡಿಸಿದ್ದರಿಂದ, ಆರನೇ ಗುರಿಯಾದ ಶುದ್ಧ ನೀರಿನಲ್ಲಿ ನಮಗೆ ಪೂರ್ಣ ಅಂಕ ದೊರೆತಿದೆ. ಈ ತಪ್ಪನ್ನು ತಿದ್ದಬೇಕೆಂದು ಈವರೆಗೆ ಯಾರೂ ಕೋರಿರುವುದಿಲ್ಲ.

ಆದರೆ ಎರಡನೇ ಆವಿಗೆಯ ಬಳಿ ‘ಹೊಗೆ ತಗ್ಗಿಸಲು ಈ ಹಳೆಯ ಆವಿಗೆಯನ್ನು ಮುಚ್ಚಬಹುದೇ?’ ಎಂಬ ಚೀಟಿಯನ್ನು ಮೇಸ್ತ್ರಿ ಸ್ತಾಮೆನಾ ಅವರಿಗೆ ತೋರಿಸಲಾಗಿದೆ. ಮೂವತ್ತೊಂದು ವರ್ಷದಿಂದ ಅದರ ಬೆಂಕಿ ನೋಡಿಕೊಂಡಿರುವ, ಪಿಂಚಣಿಗೆ ಇನ್ನು ಹತ್ತೊಂಬತ್ತು ತಿಂಗಳು ಬಾಕಿ ಇರುವ ಈ ಹೆಂಗಸು ಮೇಲೆ-ಕೆಳಗೆ ಬಲವಾಗಿ ತಲೆ ಆಡಿಸಿರುತ್ತಾರೆ. ವರದಿಯ ಪುಟ 9ರಲ್ಲಿ ಹೀಗಿದೆ: ‘ಕೆಲಸಗಾರ್ತಿಯ ಉತ್ಸಾಹಪೂರ್ಣ ಒಪ್ಪಿಗೆ. ಕಣ್ಣಲ್ಲಿ ಆನಂದಬಾಷ್ಪ.’

ಈ ಬಗ್ಗೆ ಅವರ ಹೇಳಿಕೆಯನ್ನು ಇದ್ದದ್ದು ಇದ್ದಂತೆ ದಾಖಲಿಸಲಾಗಿದೆ: “ಮುಚ್ಬೋದಾ ಅಂತ ತೋರಿಸ್ದ. ಇಲ್ಲ ಅಂದೆ. ಒಂದ್ಸಲ ಅಲ್ಲ, ಕತ್ತು ಹಿಡ್ಕೊಳೋವರ್ಗೂ ಇಲ್ಲ ಇಲ್ಲ ಅಂದೆ. ಆ ಮಹಾರಾಯ ನನ್ ಕೈ ಕುಲುಕಿ ನಗ್ತಾ ಹೋದ! ಲೋ ನೈಡೆನ್, ನಿಮ್ಮಮ್ಮನ ಜೊತೆ ಒಂದೇ ಬೆಂಚಲ್ಲಿ ಕೂತು ಓದಿದೋಳು ಕಣೋ ನಾನು. ನನ್ ಗುಂಡಿ ನಾನೇ ತೋಡ್ಕೊಂಡೆ ಅಂತ ಬರ್ಕೊಂಡ್ರೆ ನೀನು ನೋಡ್ಕೊಂಡು ಸುಮ್ನಿರ್ತೀಯಾ?”

ಮೇಲಿನ ಹೇಳಿಕೆಯಲ್ಲಿ ‘ನೈಡೆನ್’ ಎಂದರೆ ಈ ಸುತ್ತೋಲೆಗೆ ಸಹಿ ಮಾಡುತ್ತಿರುವ ಕೋಶದ ಅಧಿಕಾರಿ ಶ್ರೀ ನೈಡೆನ್ ಕಚುಲೆವ್. ಅವರು ಸುಮ್ಮನಿರಲಿಲ್ಲ. ಮರುಪರಿಶೀಲನೆಗೆ ಪತ್ರ ಬರೆದರು. ಅಕ್ಟೋಬರ್ ತಿಂಗಳಲ್ಲಿ ಸಿಬ್ಬಂದಿಗೆ ಎಂಟು ದಿನ ಜಾಗತಿಕ ಪದ್ಧತಿಯಂತೆ ತಲೆ ಆಡಿಸುವ ತರಬೇತಿಯನ್ನೂ ನೀಡಿದರು. ಹೊಸ ದುಭಾಷಿ ದಿಮಿತ್ರಿನಾ ಅವರನ್ನೂ ಗೊತ್ತುಮಾಡಿದರು. ಮರುಪರಿಶೀಲನೆಯ ದಿನವಾದ 26 ಅಕ್ಟೋಬರ್ ಸಂತ ದಿಮಿತಾರನ ಹಬ್ಬವೆಂಬುದು ಆ ದಿನ ಬೆಳಿಗ್ಗೆ ದಿಮಿತ್ರಿನಾ ಸಿಹಿಯ ಡಬ್ಬ ಹಿಡಿದು ಬಂದು, ಹಂಚಿ, ಹೊರಟು ಹೋದಾಗಲೇ ತಿಳಿದದ್ದು.

ಅತ್ತ ಶ್ರೀ ಲುಂಡ್ಬಿ ಅವರು ತಮ್ಮ ಮೊದಲ ತಪ್ಪನ್ನು ಅರಿತು, ಬಲ್ಗೇರಿಯದ ಪದ್ಧತಿಯನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಇತ್ತ ಸ್ತಾಮೆನಾ ಅವರು ಡೆನ್ಮಾರ್ಕಿನ ಪದ್ಧತಿಯಲ್ಲಿ ತಲೆಯನ್ನು ಅಡ್ಡಡ್ಡ ಆಡಿಸಿದರು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ‘ಒಪ್ಪಿಗೆ ಈ ಸಲ ಸ್ಥಳೀಯ ಪದ್ಧತಿಯಲ್ಲೇ ದೃಢಪಟ್ಟಿದೆ’ ಎಂದು ದಾಖಲಾಯಿತು. ಆವಿಗೆ ಮುಚ್ಚಿದರೆ ಅದರ ಹನ್ನೊಂದು ಜನರೂ ಮನೆಗೆ ಹೋಗಬೇಕು. ಅಧಿಕಾರಿಗೆ ಆ ರಾತ್ರಿ ಊಟ ಸೇರಲಿಲ್ಲ ಎಂಬುದನ್ನು ಕಡತದಲ್ಲಿ ಬೇರೆಲ್ಲೂ ಜಾಗವಿಲ್ಲದ್ದರಿಂದ ಇಲ್ಲಿಯೇ ನಮೂದಿಸಲಾಗಿದೆ.

ಈ ಎಲ್ಲ ಹಿನ್ನೆಲೆಯಲ್ಲಿ ಕೆಳಕಂಡಂತೆ ಸೂಚಿಸಲಾಗಿದೆ:

1. ಈ ಸುತ್ತೋಲೆ ಹೊರಟ ಗಳಿಗೆಯಿಂದ, ಆವರಣದೊಳಗೆ ತಲೆಯ ಮೇಲೆ-ಕೆಳಗಿನ ಚಲನೆಯನ್ನು ‘ಹೌದು’ ಎಂದೂ, ಅಡ್ಡಡ್ಡ ಚಲನೆಯನ್ನು ‘ಇಲ್ಲ’ ಎಂದೂ ಪರಿಗಣಿಸತಕ್ಕದ್ದು. ಇದಕ್ಕೆ ಹಿಂದಿನ ಯಾವ ತಲೆಗೂ ಈ ನಿಯಮ ಅನ್ವಯಿಸತಕ್ಕದ್ದಲ್ಲ. ತರಬೇತಿಗೆ ಹಾಜರಾಗಿ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದವರ ತಲೆಗಳು ಮಾತ್ರ ಇದಕ್ಕೆ ಹೊರತು.

2. ಗೇಟಿನ ಬಳಿ ಬಿಳಿ ಗೆರೆ ಎಳೆಯಲಾಗಿದೆ. ಒಳಬರುವಾಗ ಗೆರೆಯ ಮೇಲೆ ನಿಂತು ತಲೆಯನ್ನು ಜಾಗತಿಕ ಪದ್ಧತಿಗೂ, ಹೊರಹೋಗುವಾಗ ಮನೆಯ ಪದ್ಧತಿಗೂ ಬದಲಾಯಿಸಿಕೊಳ್ಳತಕ್ಕದ್ದು. ಬದಲಾಯಿಸದೆ ಹೋದವರ ಮನೆಯಲ್ಲಿ ಆಗುವ ಅನಾಹುತಕ್ಕೆ ಕಾರ್ಖಾನೆ ಹೊಣೆಯಲ್ಲ. ಪ್ಯಾಕಿಂಗ್ ವಿಭಾಗದ ಕುಜ್ಮನ್ ಅವರು ಎತ್ತಿದ, “ಹೆಂಡ್ತಿ ಕುಡ್ದಿದ್ದೀಯೇನೋ ಅಂತ ಕೇಳ್ದಾಗ ಯಾವ್ ಕಡೆ ಆಡಿಸ್ಲಿ ಸಾರ್, ಯಾವ್ ಕಡೆ ಆಡಿಸಿದ್ರೂ ನಂಬಲ್ಲ” ಎಂಬ ಪ್ರಶ್ನೆ ಕೋಶದ ವ್ಯಾಪ್ತಿಗೆ ಬರುವುದಿಲ್ಲ.

3. ಗದ್ದವನ್ನು ಮೇಲಕ್ಕೆತ್ತಿ ನಾಲಿಗೆಯಿಂದ ‘ಚ್ಚ್’ ಎಂದು ‘ಇಲ್ಲ’ ಹೇಳುವುದನ್ನು ನಿಷೇಧಿಸಲಾಗಿದೆ. ಕ್ಯಾಂಟೀನಿನ ಹುರುಳಿಕಾಯಿ ಸಾರಿನ ಬಗ್ಗೆ ಅಭಿಪ್ರಾಯ ಹೇಳುವಾಗ ವಿನಾಯಿತಿ ಇದೆ.

4. ಎರಡೂ ಪದ್ಧತಿ ಕಲಸಿಹೋಗಿ ತಲೆಯನ್ನು ಸುತ್ತ ತಿರುಗಿಸತೊಡಗಿರುವವರಿಗೆ (ಈವರೆಗೆ ನಾಲ್ವರು) ಒಡೆದ ಪೆಟ್ಟಿಗೆಯ ಹಲಗೆಯಿಂದ ಮಾಡಿದ ಫಲಕ ನೀಡಲಾಗುವುದು. ಇದು ಏನನ್ನೂ ಪೋಲು ಮಾಡಬಾರದೆಂಬ ಹನ್ನೆರಡನೇ ಗುರಿಗೆ ಅನುಗುಣವಾಗಿದೆ. ಬಡಗಿಯ ಅಚಾತುರ್ಯದಿಂದ ಫಲಕದ ಎರಡು ಬದಿಗಳಲ್ಲೂ ‘ಹೌದು’ ಎಂದೇ ಇದ್ದು, ‘ಇಲ್ಲ’ ಎನ್ನಬಯಸುವವರು ಫಲಕವನ್ನು ಎತ್ತದೆ ಇರತಕ್ಕದ್ದು.

5. ಕೇಳಿದ್ದಕ್ಕೆಲ್ಲ ಕೋಲೆಬಸವನಂತೆ ತಲೆ ಆಡಿಸುವ ಸೌಲಭ್ಯವು ಎಂದಿನಂತೆ ಮ್ಯಾನೇಜರ್ ದರ್ಜೆ ಮತ್ತು ಮೇಲ್ಪಟ್ಟವರಿಗೆ ಮೀಸಲು.

6. ಸಭೆಗಳಲ್ಲಿ ತೂಕಡಿಸುವುದು ಹೊಸ ನಿಯಮದಡಿ ‘ಹೌದು’ ಆಗುತ್ತದೆ ಎಂಬುದನ್ನು ಗಮನಿಸುವುದು. 30 ಅಕ್ಟೋಬರ್‌ನ ಸಭೆಯಲ್ಲಿ ಊಟದ ನಂತರದ ಅರ್ಧ ಗಂಟೆಯಲ್ಲಿ, ತರಬೇತಿಗೆ ಸಹಿ ಮಾಡಿರುವ ಉಗ್ರಾಣಿಕರು ಒಬ್ಬರೇ ಒಂಬತ್ತು ನಿರ್ಣಯಗಳನ್ನು ಅನುಮೋದಿಸಿರುತ್ತಾರೆ. ಅವುಗಳಲ್ಲಿ ಅವರದೇ ಹುದ್ದೆಯ ರದ್ದತಿಯೂ ಸೇರಿದೆ. ಅವರನ್ನು ಎಚ್ಚರಿಸಿ ತಿಳಿಸಲಾಗಿದೆ.

7. ಯಾವುದೇ ಪರಿಶೀಲನೆಯನ್ನು ಸಿಬ್ಬಂದಿಯ ಹೆಸರಿನ ಹಬ್ಬವಿಲ್ಲದ ದಿನವೇ ಇಟ್ಟುಕೊಳ್ಳತಕ್ಕದ್ದು. ಪಂಚಾಂಗ ತಿರುವಿ ನೋಡಲಾಗಿ ಅಂತಹ ದಿನ ಕಂಡುಬಂದಿಲ್ಲ.

8. ಹದಿನೇಳು ಗುರಿಗಳ ಫಲಕಗಳನ್ನು ಹದಿನೇಳು ಬಾಗಿಲುಗಳಿಗೆ ಹಾಕುವ ಕೆಲಸ, ಕಾರ್ಖಾನೆಯಲ್ಲಿ ಹದಿನಾಲ್ಕೇ ಬಾಗಿಲುಗಳಿರುವುದರಿಂದ ನಿಂತಿದೆ. ಹದಿನಾಲ್ಕನೆಯ ಗುರಿಯಾದ ‘ನೀರೊಳಗಿನ ಜೀವ’ದ ಫಲಕವನ್ನು ಸದ್ಯ ಮಣ್ಣು ನೆನೆಸುವ ತೊಟ್ಟಿಗೆ ತೂಗುಹಾಕಿದ್ದು, ಅಲ್ಲಿರುವ ಕಪ್ಪೆಯನ್ನು ಯಾರೂ ಓಡಿಸಕೂಡದು. ಇರುವುದು ಅದೊಂದೇ.

9. ಎರಡನೇ ಆವಿಗೆಯ ಹಿಂಗೋಡೆಯ ಮೇಲೆ ಅನಧಿಕೃತ ಮೆಣಸಿನಕಾಯಿ ಇರುವುದು ಸ್ಥಳ ತನಿಖೆಯಲ್ಲಿ ಕಂಡುಬಂದಿದೆ. ವಿಚಾರಿಸಲಾಗಿ, ಪ್ರತಿ ಶರತ್ಕಾಲದಲ್ಲಿ ಮೂರು ಬೀದಿಯ ಜನ ಕೆಂಪು ದಪ್ಪ ಮೆಣಸಿನಕಾಯಿಯನ್ನು ಮೂಟೆಗಟ್ಟಲೆ ತಂದು, ಪೋಲಾಗುವ ಬಿಸಿಯಲ್ಲೇ ಸುಟ್ಟುಕೊಂಡು, ಚಳಿಗಾಲಕ್ಕೆ ಗೊಜ್ಜು ಮಾಡಿ ಬಾಟಲಿಗೆ ತುಂಬುತ್ತಾರೆಂದು ತಿಳಿದುಬಂತು. ಪುಟ 9ರ ಆನಂದಬಾಷ್ಪ ಆ ಘಾಟಿನದು. “ಬೆಂಕಿ ಹೆಂಗೂ ಉರೀತಿರತ್ತೆ. ಗೋಡೆ ಬಿಸಿ ಆಕಾಶಕ್ಕೆ ಹೋಗೋ ಬದ್ಲು ಜನದ ಹೊಟ್ಟೆಗೆ ಹೋಗ್ಲಿ ಅಂತ ಬಿಟ್ಟೆ. ಅದಕ್ಕೂ ಚೀಟಿ ಇದೆಯೇನೋ ನಿನ್ ಹತ್ರ?” ಎಂದು ಮೇಸ್ತ್ರಿ ಸ್ತಾಮೆನಾ ಕೇಳಿರುತ್ತಾರೆ. ಚೀಟಿ ಇರಲಿಲ್ಲ. ಬೇರೆ ಸೌದೆಯಿಲ್ಲದೆ, ಬೇರೆ ಹೊಗೆಯಿಲ್ಲದೆ, ಯಾರ ಆದೇಶವೂ ಇಲ್ಲದೆ ಎರಡು (ಹಸಿವು ನೀಗುವುದು), ಏಳು (ಶುದ್ಧ ಇಂಧನ), ಹನ್ನೆರಡು (ಪೋಲು ತಡೆ) ಮತ್ತು ಹದಿನೇಳನೆಯ (ಸಹಭಾಗಿತ್ವ) ಗುರಿಗಳು ಮೂವತ್ತೊಂದು ವರ್ಷದಿಂದ ಅಲ್ಲಿ ಈಡೇರುತ್ತಿದ್ದವು. ಕೋಶ ಸ್ಥಾಪನೆಯಾದ ಮೇಲೆ ಈಡೇರಿದ ಗುರಿಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಲಗತ್ತಿಸಬೇಕಿತ್ತು. ಲಗತ್ತಿಸಲು ಏನೂ ಇರುವುದಿಲ್ಲ.

10. 3 ನವೆಂಬರ್ ಸಂಜೆ 4.40ಕ್ಕೆ, ಎರಡನೇ ಆವಿಗೆಯನ್ನು ಮುಚ್ಚುವ ಆದೇಶದ ಕಡತವನ್ನು ಅಧಿಕಾರಿ ಕಚುಲೆವ್ ಅವರು ನಿರ್ದೇಶಕ ಶ್ರೀ ಸ್ಪಿರಿಡೋನ್ ಮರಾಂಗೊಜೊವ್ ಅವರ ಮುಂದಿಟ್ಟು, ‘ಮುಚ್ಚುವುದೇ?’ ಎಂದು ಕೇಳಿದರು. ನಿರ್ದೇಶಕರ ಬಾಯಲ್ಲಿ ಬನಿತ್ಸಾ ಎಂಬ ಚೀಸಿನ ಕಡುಬು ತುಂಬಿತ್ತು. ಅವರು ಮೇಲೆ-ಕೆಳಗೆ ತಲೆ ಆಡಿಸಿ ಕಾರು ಹತ್ತಿದರು. ಸದರಿ ತಲೆ ‘ಹೌದು’ ಎಂದಿತೋ ‘ಇಲ್ಲ’ ಎಂದಿತೋ ಎಂಬ ಬಗ್ಗೆ ಅಧಿಕಾರಿ ಎರಡು ದಿನ ರಜೆಯಲ್ಲಿ ಮನೆಯಲ್ಲಿ ಕುಳಿತು ಕೂಲಂಕಷವಾಗಿ ಪರಿಶೀಲಿಸಿದ್ದಾರೆ. ನಿರ್ದೇಶಕರು ತರಬೇತಿಯನ್ನು ಉದ್ಘಾಟಿಸಿದ್ದು ನಿಜವಾದರೂ, “ಏನಯ್ಯಾ ಕಚುಲೆವ್, ನಾಳೆಯಿಂದ ಕಿವಿ ಆಡ್ಸೋದೂ ಹೇಳ್ಕೊಡ್ತೀಯಾ?” ಎಂದು ನಗುತ್ತಾ ಆಗಲೇ ನಿರ್ಗಮಿಸಿದ್ದು, ಹಾಜರಿ ಪುಸ್ತಕದಲ್ಲಿ ಎಂಟೂ ದಿನ ಅವರ ಸಹಿ ಇಲ್ಲ. ಅಂದಮೇಲೆ ಅದು ತರಬೇತಿ ಪಡೆಯದ ತಲೆ. ಈ ಸುತ್ತೋಲೆಗೆ ಮೂರು ದಿನ ಹಿಂದಿನ ತಲೆ. ಕಂಡಿಕೆ 1ರಂತೆ ಅದನ್ನು ಅಪ್ಪಟ ಬಲ್ಗೇರಿಯದ ತಲೆಯೆಂದೇ ಓದತಕ್ಕದ್ದು. ಅದು ‘ಇಲ್ಲ’ ಎಂದಿದೆ. ಆದುದರಿಂದ ಎರಡನೇ ಆವಿಗೆಯನ್ನು ಮುಚ್ಚುವಂತಿಲ್ಲ ಎಂದು ಈ ಮೂಲಕ ಸೂಚಿಸಲಾಗಿದೆ.

11. ಕಂಡಿಕೆ 10ಕ್ಕೆ ಆಕ್ಷೇಪಣೆ ಇದ್ದವರು, ನಿರ್ದೇಶಕರೂ ಸೇರಿದಂತೆ, ಲಿಖಿತವಾಗಿ ಸಲ್ಲಿಸತಕ್ಕದ್ದು. ತಲೆಯ ಮೂಲಕ ಸಲ್ಲಿಸಿದ ಆಕ್ಷೇಪಣೆಗಳನ್ನು ಯಾವ ದಿಕ್ಕಿನಲ್ಲಿದ್ದರೂ ಪರಿಗಣಿಸಲಾಗದು. ಆಕ್ಷೇಪಣೆಗಳ ವಿಚಾರಣೆಗೆ ಸಮಿತಿ ರಚಿಸಲಾಗಿದೆ. ಸಮಿತಿಯ ಮೊದಲ ಸಭೆಯನ್ನು, ಸದಸ್ಯರೆಲ್ಲರಿಗೂ ಅನುಕೂಲವಾಗುವ ಅತಿ ಹತ್ತಿರದ ದಿನದಂದು, ಅಂದರೆ ಇಂದಿನಿಂದ ಇಪ್ಪತ್ತು ತಿಂಗಳ ನಂತರ, ನಿಗದಿಪಡಿಸಲಾಗಿದೆ. ಸಮಿತಿಯ ಏಕೈಕ ಸದಸ್ಯರು ಅಧಿಕಾರಿ ಕಚುಲೆವ್.

(ಸಹಿ)
ನೈಡೆನ್ ಕಚುಲೆವ್
ಅಧಿಕಾರಿ, ಜಾಗತಿಕ ಗುರಿ ಹೊಂದಾಣಿಕೆ ಕೋಶ
(ನಿರ್ದೇಶಕರ ತಲೆಯ ಆದೇಶಾನುಸಾರ)

ಪ್ರತಿಗಳು:
1. ನಿರ್ದೇಶಕರಿಗೆ, ಬಾಯಿ ಖಾಲಿ ಇರುವಾಗ ಓದಿಕೊಳ್ಳಲು.
2. ಶ್ರೀ ಆಸ್ಗರ್ ಲುಂಡ್ಬಿ, ಡೆನ್ಮಾರ್ಕ್: ಮುಂದಿನ ಭೇಟಿಗೆ ಮುನ್ನ ಏನನ್ನೂ ಕಲಿತು ಬರಬಾರದೆಂಬ ವಿನಂತಿಯೊಂದಿಗೆ.
3. ದುಭಾಷಿಗಳಾದ ಕ್ರಸ್ತಿನಾ ಮತ್ತು ದಿಮಿತ್ರಿನಾ ಅವರಿಗೆ, ಹಬ್ಬದ ಶುಭಾಶಯಗಳೊಂದಿಗೆ.
4. ಉಗ್ರಾಣಿಕರಿಗೆ, ಎದ್ದ ಮೇಲೆ.
5. ಕ್ಯಾಂಟೀನಿನ ಸೂಚನಾ ಫಲಕ.
6. ಶ್ರೀಮತಿ ಸ್ತಾಮೆನಾ ಗ್ರಂಚರೋವಾ, ಮೇಸ್ತ್ರಿ, ಎರಡನೇ ಆವಿಗೆ: ಉತ್ತರದ ಅಗತ್ಯವಿಲ್ಲ, ತಲೆ ಆಡಿಸಬೇಕಾಗಿಯೂ ಇಲ್ಲ. ನಾಳೆ ಎಂದಿನಂತೆ ಬೆಳಿಗ್ಗೆ ಆರಕ್ಕೆ ಬಂದು ಬೆಂಕಿ ಹಚ್ಚುವುದು.
7. ಕಚೇರಿ ಕಡತ.