ಮಗಳ ಮುರಿದ ಕೈಯೂ ಊರಿನ ಉಪಚಾರವೂ

ಅಳಬೇಕೆಂದು ಸೆರಗನ್ನು ಕಣ್ಣಿಗೆ ತಂದುಕೊಂಡ ಹೊತ್ತಿಗೇ ಯಾರಾದರೊಬ್ಬರು ಬಂದು ನಗಿಸಿಬಿಡುವುದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ನಡೆದುಕೊಂಡು ಬಂದಿದೆ. ನಕ್ಕಾದ ಮೇಲೆ ಅಳುವುದು ಹಾಗೇ ಬಾಕಿ ಉಳಿಯುತ್ತದೆ.

ನಾನು ಮಡಕಶಿರಾ ಕಡೆಯ ಹಳ್ಳಿಯವಳು. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಕೈ ಈಗ ರಾಯದುರ್ಗದ ಗಾರ್ಮೆಂಟ್ಸಿನಲ್ಲಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತದೆ. ಯಜಮಾನರು ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುವ ಕಡೆ ಕೆಲಸಕ್ಕಿದ್ದಾರೆ. ಭಾನುವಾರ ಬರುತ್ತಾರೆ, ಬೆರಳೆಲ್ಲ ನೀಲಿ. ನಮಗೆ ಒಬ್ಬಳೇ ಮಗಳು. ಅವಳು ಒಂದನೇ ಕ್ಲಾಸಿಗೆ ಸೇರಿದ ವರ್ಷವೇ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಯಿತು. ಮುದುಕರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವಂಥದ್ದು. ಇನ್ಸುಲಿನ್ ಸೂಜಿ ಇಲ್ಲದೆ ಒಂದು ದಿನವೂ ನಡೆಯದು. ಅದಕ್ಕೆ ಹೇಗೋ ಹೊಂದಿಕೊಂಡೆವು ಅನ್ನುವಷ್ಟರಲ್ಲಿ, ಮೂರನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಕೈ ಮುರಿದುಕೊಂಡಳು. ಗಾರ್ಮೆಂಟ್ಸಿನ ಅಂಗಳದಲ್ಲಿ ಪೇರಿಸಿಟ್ಟಿದ್ದ ಬಟ್ಟೆ ಬಂಡಲ್‌ಗಳ ಮೇಲೆ ಹತ್ತಿ ಹಾರಿದ್ದಳು. ಬಟ್ಟೆಯ ಮೇಲೆ ಬಿದ್ದರೆ ಕೈ ಮುರಿಯುತ್ತದೆಯೇ ಎಂದು ಕೇಳಬೇಡಿ. ಬಟ್ಟೆಯ ಮೇಲೆ ಬಿದ್ದಿದ್ದರೆ ಮುರಿಯುತ್ತಿರಲಿಲ್ಲ.

ಬಿಡಬೇಕಾದದ್ದು

ಮೂಳೆ ಡಾಕ್ಟರು ವಯಸ್ಸಾದವರು. ಅವರು ನಕ್ಕದ್ದನ್ನು ಕಂಡವರು ರಾಯದುರ್ಗದಲ್ಲಿ ಯಾರೂ ಇಲ್ಲ. ಮೂಳೆ ಸರಿಯಾಗಿ ಕೂರಿಸಿ, ಮೊಣಕೈ ದಾಟುವ ತನಕ ಪ್ಲಾಸ್ಟರ್ ಪಟ್ಟಿ ಹಾಕಿ ಹೇಳಿದರು: "ನೋಡಮ್ಮ, ಸಕ್ರಿ ಹತೋಟಿಯಾಗಿದ್ರ ಎಲುಬು ತಾನಾಗೇ ಕೂಡತೈತಿ. ಏರಿತಂದ್ರ ತಡ ಆಗತೈತಿ. ಕೂಡಲೇ ಇಲ್ಲ ಅಂದ್ರ ಬಳ್ಳಾರಿಗೆ ಒಯ್ದು, ಕೊಯ್ಸಿ ಪ್ಲೇಟ್ ಹಾಕ್ಸಬೇಕು. ಈ ಕೂಸಿಗೆ ಕೊಯ್ಸಾಕ ನನಗ ಮನಸಿಲ್ಲ. ಸಕ್ರಿ ಇದ್ದವರಿಗೆ ಗಾಯ ಮಾಯೂದು ಕಷ್ಟ."

ಕೊಯ್ಯುವುದು ಅನ್ನುವ ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಮಿಷನ್ ತುಳಿಯುವಾಗಲೂ ಅದೇ, ಅನ್ನ ಬಸಿಯುವಾಗಲೂ ಅದೇ.

ಹೊರಗೆ ಬಂದರೆ ಕಾಂಪೌಂಡರ್ ಚೀಟಿ ನೋಡಿದ. ಶುಗರ್ ಅಂತ ಬರೆದದ್ದಷ್ಟೇ ಕಣ್ಣಿಗೆ ಬಿತ್ತೇನೋ, ತಲೆ ಎತ್ತಲೇ ಇಲ್ಲ. ಇಲ್ಲಿಯ ರೂಢಿಯಂತೆ ತೆಲುಗಿನಲ್ಲಿ ಶುರು ಮಾಡಿದವನು ನಾನು ಕನ್ನಡದಲ್ಲಿ ಹೂಂಗುಟ್ಟಿದ್ದು ಕೇಳಿ ಕನ್ನಡಕ್ಕೆ ಬಂದ. "ಪೇಷೆಂಟು ದಿನಾ ಮುಂಜಾನೆ ವಾಕಿಂಗ್ ಮಾಡ್ಬೇಕ್ರಿ. ಟೆನ್ಷನ್ ತಗೋಬಾರ್ದು. ಮುಖ್ಯ ಏನಂದ್ರ ಬೀಡಿ ಸೇದೂದು, ಕುಡಿಯೂದು ಎರಡೂ ಬಿಡಬೇಕು. ಬಿಡ್ಲಿಲ್ಲಂದ್ರ ಎಲುಬು ಕೂಡಂಗಿಲ್ಲ."

ಬೆಂಚಿನ ಮೇಲೆ ಹಸಿ ಪಟ್ಟಿಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನ್ನ ಮಗಳು ಅಂದಳು: "ಬಿಟ್ಟೀನ್ರಿ."

ಎಲುಬಿಗೆ ಹೋಗುವ ಉಂಡೆ

ಕೈಕಾಲು ಮುರಿದುಕೊಂಡವರನ್ನು ನೋಡಲು ಇಲ್ಲಿ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಗಾರ್ಮೆಂಟ್ಸಿನ ಗೆಳತಿಯರು ಕೈಗೆ ಜೋಲಿ ಹೊಲಿದು ತಂದರು, ಜೀನ್ಸ್ ಬಟ್ಟೆಯದು, ಬೆಲ್ಟ್ ಹಾಕುವ ಪಟ್ಟಿಗಳ ಸಮೇತ. ಎದುರುಮನೆ ಅಕ್ಕ ಡಬ್ಬಿ ತುಂಬ ಅಂಟಿನುಂಡೆ ತಂದಳು. ಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು, ಮೇಲೆ ಬೆಲ್ಲದ ಪಾಕ. ವಾಸನೆಗೇ ಓಣಿಯ ಮಕ್ಕಳೆಲ್ಲ ಬಾಗಿಲಿಗೆ ಬಂದು ನಿಂತವು.

"ಅಕ್ಕಾ, ಇವ್ಳಿಗೆ ಸಕ್ಕರೆ ಕಾಯ್ಲೆ. ಈಗ ಸಿಹಿ ಕೊಡಂಗಿಲ್ಲ," ಅಂದೆ.

"ನನಗ ಗೊತ್ತಿಲ್ಲೇನವ್ವ? ಅದಕ್ಕಂತನ ಸಕ್ರಿ ಹಾಕಿಲ್ಲ, ಬೆಲ್ಲ ಹಾಕೀನಿ."

"ಬೆಲ್ಲಾನೂ ಅದೇ ಅಲ್ವೇನಕ್ಕ?"

"ಹುಚ್ಚಿ, ಇದು ಅಂಟಿನುಂಡಿ. ಸೀದಾ ಎಲುಬಿಗೆ ಹೋಗೂದು. ರಕ್ತದ ದಾರಿಗೆ ಬರಂಗೇ ಇಲ್ಲ!"

ಎಲುಬಿಗೆ ಬೇರೆ ದಾರಿ ಇದ್ದಿದ್ದರೆ ನನಗೆ ಈ ಪಾಡು ಯಾಕಿತ್ತು? ಅವಳ ಮನಸ್ಸು ನೋಯಿಸಲಾರದೆ ಡಬ್ಬಿ ಈಸಿಕೊಂಡೆ. ಎಸೆಯಲು ಕೈ ಬರಲಿಲ್ಲ. ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು, ಮಗಳಿಗೆ ಕಾಣದ ಹಾಗೆ, ದಿನಕ್ಕಿಷ್ಟು ಅಂತ ನಾನೇ ತಿಂದೆ. ತಿನ್ನುತ್ತಾ ಅಳು ಬರುತ್ತಿತ್ತು. ರುಚಿಯಾಗಿದ್ದವು ಎನ್ನುವುದು ಇನ್ನೊಂದು ಸಂಕಟ.

ಡಬ್ಬಿ ಖಾಲಿಯಾದ ಮೇಲೆ ಅಕ್ಕ ಬಂದು ಮಗಳ ಬೆರಳು ಹಿಡಿದು ನೋಡಿದಳು. "ಗಟ್ಟಿ ಆಗೇತಿ ನೋಡು! ಉಂಡಿ ಎಲುಬಿಗೆ ಹತ್ಯಾವ."

ಮಗಳು ನನ್ನನ್ನು ಮೇಲಿಂದ ಕೆಳಗಿನ ತನಕ ಒಮ್ಮೆ ನೋಡಿದಳು. "ಹೌದು ದೊಡ್ಡಮ್ಮ. ನಮ್ಮಮ್ಮನ ಎಲುಬು ಭಾಳ ಗಟ್ಟಿ ಆಗ್ಯಾವ."

ವೈದ್ಯರ ಬರುವಿಕೆ

ಸುದ್ದಿ ಕೇಳಿ ನಮ್ಮಮ್ಮ ಮಡಕಶಿರಾ ಕಡೆಯಿಂದ ಬಸ್ಸು ಹತ್ತಿ ಬಂದಳು. ಮಡಿಲಲ್ಲಿ ನಾಟಿ ಕೋಳಿ ಮೊಟ್ಟೆ. ತಿನ್ನಲು ಅಲ್ಲ, ಮೂಳೆಗೆ ಸೊಪ್ಪಿನ ಜೊತೆ ಅರೆದು ಕಟ್ಟಿಸಲು. ಮೊಮ್ಮಗಳ ಪಟ್ಟಿಯನ್ನು ಬೆರಳಲ್ಲಿ ತಟ್ಟಿ ನೋಡಿದಳು.

"ಸುಣ್ಣದ ಗ್ವಾಡೆ ಇದ್ದಂಗೈತಲ್ಲಮ್ಮಿ! ಗಾಳಿ ಆಡ್ದೆ ಮೂಳೆ ಎಂಗೆ ಕೂಡ್ತೈತೆ?"

"ಅದನ್ನ ಮುಟ್ಟಂಗಿಲ್ಲ ಕಣಮ್ಮ. ಬಿಚ್ಚಿದ್ರೆ ಕೂರ್ಸಿರೋ ಮೂಳೆ ಜಾರ್ತೈತಂತೆ," ಎಂದು ಹೇಳಿ ಕೆಲಸಕ್ಕೆ ಹೋದೆ. ಅವಳು ತಲೆ ಆಡಿಸಿದಳು. ನಮ್ಮಮ್ಮ ತಲೆ ಆಡಿಸಿದಾಗಲೇ ನಾನು ಹೆದರಬೇಕಿತ್ತು.

ಸಂಜೆ ಬಂದರೆ ಮನೆಗೆ ಬೀಗ. ಗುಮ್ಮಘಟ್ಟದ ಷೇರ್ ಆಟೋ ಹತ್ತಿದರು ಅಂತ ಓಣಿಯವರು ಹೇಳಿದರು. ಆ ಕಡೆ ಒಬ್ಬ ಹೆಸರಾದ ನಾಟಿ ವೈದ್ಯ ಮೂಳೆ ಕಟ್ಟುತ್ತಾನೆ ಎಂದು ನನಗೂ ಗೊತ್ತಿತ್ತು. ಪಟ್ಟಿ ಬಿಚ್ಚಿ ಎಳೆದಾಡಿದರೆ ಇನ್ನು ಕೊಯ್ಯಿಸುವುದೇ ಗತಿ. ಹೊಸ್ತಿಲ ಮೇಲೆ ಕೂತು ಓಣಿಗೆ ಬರುವ ಒಂದೊಂದು ಆಟೋವನ್ನೂ ನೋಡಿದೆ.

ಕೊನೆಗೆ ಆಟೋ ಬಂತು. ಮೊದಲು ನಮ್ಮಮ್ಮ ಇಳಿದಳು. ಆಮೇಲೆ ಮಗಳು, ಪಟ್ಟಿ ಇದ್ದ ಹಾಗೇ ಇತ್ತು. ಅವಳ ಹಿಂದೆ, ರುಮಾಲು ಸುತ್ತಿದ ಮುದುಕರೊಬ್ಬರು ಕುಂಟುತ್ತಾ ಇಳಿದರು. ಅವರೇ ಆ ವೈದ್ಯರು.

"ಕೂಸಿಗೆ ಸಕ್ರಿ ಐತಿ ಅಂದ್ರು, ನಾ ಮುಟ್ಟಲಿಲ್ರಿ," ಅಂದರು. "ನನಗೂ ಐತ್ರಿ. ಈ ಕಾಲ್ಬೆರಳಿಗೆ ಸೊಪ್ಪು ಕಟ್ಟಿ ಕಟ್ಟಿ ಸಾಕಾಗೇತಿ, ಮಾಯವಲ್ದು. ಕೂಸು ಯಾವ ಡಾಕ್ಟ್ರ ತಾವ ತೋರಸ್ತೈತಿ ಅಂತ ಕೇಳಿ, ಅದ ಆಟೋದಾಗ ಬಂದ್ಬಿಟ್ಟೆ."

ಅಮ್ಮನಿಗೆ ಬೈಯಲು ಬಾಯಿ ತೆರೆದೆ. ಅವಳು ನನ್ನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದಳು: "ಪಾಪ, ವಯಸ್ಸಾದೋರು. ಬೇಗ ಡಾಕ್ಟ್ರ ತಾವ್ಕೆ ಕರ್ಕೊಂಡೋಗಮ್ಮಿ. ಈ ನಾಟಿ ಗೀಟಿ ನಂಬ್ಕೊಂಡು ಕಾಲು ಕಳ್ಕೊಂಡಾರು!"

ಒಳ್ಳೆಯ ಜಾಗ

ಎರಡನೇ ಸಲ ಎಕ್ಸ್‌ರೇ ತೆಗೆಸಿದಾಗ ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಕೂಡಿಲ್ಲ. ಸಕ್ರಿ ಯಾಕ ಇಷ್ಟು ಏರೇತಿ? ಏನು ತಿನ್ನಸ್ತೀಯಮ್ಮ?"

ನಾನು ಆಣೆ ಇಟ್ಟೆ. ಸೂಜಿ ಒಂದು ಹೊತ್ತೂ ತಪ್ಪಿಸಿರಲಿಲ್ಲ. ಇನ್ನೊಂದಿಷ್ಟು ದಿನ ನೋಡಿ ಬಳ್ಳಾರಿಗೆ ಬರೆದುಕೊಡುತ್ತೇನೆ ಅಂದರು. ಯಜಮಾನರಿಗೆ ಫೋನ್ ಮಾಡಿದೆ. ಅಲ್ಲಿಯ ಆಸ್ಪತ್ರೆಯಲ್ಲಿ ವಿಚಾರಿಸಿ ಇಡುತ್ತೇನೆ ಅಂದರು.

ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. ಇನ್ಸುಲಿನ್ ಸೀಸೆಯನ್ನು ಓಣಿ ಮೂಲೆಯ ಸೋಡಾ ಅಂಗಡಿಯ ಫ್ರಿಜ್‌ನಲ್ಲಿ ಇಡುತ್ತಿದ್ದೆವು. ಅವತ್ತು ಮಗಳ ಜೊತೆ ಎಂದಿನ ಹೊತ್ತಿಗಿಂತ ಮೊದಲೇ ಹೋದಾಗ ಅಂಗಡಿಯವನು ಮೇಲಿನ ಬಾಗಿಲು ತೆಗೆದು, ಐಸ್‌ಕ್ರೀಮ್ ಕಪ್ಪುಗಳ ನಡುವಿನಿಂದ ಸೀಸೆ ತೆಗೆದ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

"ಬ್ಯಾಸಗಿ ಜೋರಾತಲ್ಲಕ್ಕ, ಕೂಸಿನ ಔಷಧ ಕೆಟ್ಟುಗಿಟ್ಟೀತು ಅಂತ ನಾನ ಮ್ಯಾಲಕ್ಕ ಇಟ್ಟೀನಿ. ನಿಮಗ ಕೊಡೂ ಮುಂದ ಅಂಗೈಯಾಗ ತಿಕ್ಕಿ ಕರಗಿಸಿ ಕೊಡತಿದ್ದೆ," ಅಂದ, ಹೆಮ್ಮೆಯಿಂದ.

ಹೆಪ್ಪುಗಟ್ಟಿದ ಇನ್ಸುಲಿನ್‌ಗೆ ಬಲವಿಲ್ಲ. ಇಷ್ಟು ದಿನ ನನ್ನ ಮಗಳ ಹೊಟ್ಟೆಗೆ ನಾನು ಚುಚ್ಚಿದ್ದು ಮುಕ್ಕಾಲು ನೀರು. ಸೋಡಾ ಕ್ರೇಟಿನ ಮೇಲೆ ಕೂತು ಅತ್ತುಬಿಟ್ಟೆ. ವಿಷಯ ತಿಳಿದು ಅಂಗಡಿಯವನೂ ಅತ್ತ. ಅಳದೆ ಇದ್ದವಳು ಮಗಳೊಬ್ಬಳೇ. ತೆರೆದ ಫ್ರಿಜ್ ಒಳಗೆ ಇಣುಕಿ ನೋಡುತ್ತಾ ಅಂದಳು: "ನನ್ನ ಔಷಧಿಗೆ ಐಸ್‌ಕ್ರೀಮ್ ಪಕ್ಕದಾಗ ಜಾಗ ಸಿಕ್ಕೈತಿ. ನನಗ ಒಂದಿನಾನೂ ಸಿಗಲಿಲ್ಲ."

ಹೊಸ ಸೀಸೆ ತಂದೆವು. ಹಸಿ ಮರಳಿನಲ್ಲಿ ಮಡಕೆ ಹೂತು ಅದರೊಳಗೆ ಇಟ್ಟೆವು. ಸಕ್ಕರೆ ನಿಧಾನವಾಗಿ ಇಳಿಯಿತು.

ಇನ್ನೊಂದು ಪಟ್ಟಿ

ಮುಂದಿನ ಸಲ ಎಕ್ಸ್‌ರೇ ನೋಡಿ ಡಾಕ್ಟರು, "ಕೂಡೇತಿ, ಬಳ್ಳಾರಿ ಬ್ಯಾಡ," ಅಂದರು. ಪಟ್ಟಿ ಕತ್ತರಿಸಿದರು. ಒಳಗಿನ ಕೈ ಬಡವಾಗಿ, ಚರ್ಮ ಬಿಳಿಚಿಕೊಂಡಿತ್ತು. ಮಗಳು ಬೆರಳು ಮಡಚಿ ಬಿಚ್ಚಿ ನೋಡಿ ಕೇಳಿದಳು:

"ಅಲ್ಲಾಡದಂಗ ಕಟ್ಟಿದ್ದಕ್ಕ ಕೂಡ್ತಲ್ರಿ ಡಾಕ್ಟರ್?"

"ಹೌದವ್ವ."

ಅವಳು ಅಂಗಿ ಎತ್ತಿ ಹೊಟ್ಟೆ ತೋರಿಸಿದಳು. "ಹಂಗಾದ್ರ ಇಲ್ಲೂ ಒಂದು ಪಟ್ಟಿ ಹಾಕ್ರಿ. ಇನ್ಸುಲಿನ್ ಮಾಡೂದು ಒಳಗ ಕೆಟ್ಟೇತಂತ. ನಾ ಒಟ್ಟ ಅಲ್ಲಾಡಂಗಿಲ್ಲ. ಕಡಿದ್ರೂ ಕೆರಕೊಳ್ಳಂಗಿಲ್ಲ."

ಕಾಂಪೌಂಡರ್ ನಕ್ಕ. ಬಾಗಿಲಲ್ಲಿ ಕಾಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಮುಖ ಅತ್ತ ತಿರುಗಿಸಿಕೊಂಡು. ಡಾಕ್ಟರು ಮಾತ್ರ ನಗಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತರು.

"ಅದು ಮುರಿದಿಲ್ಲವ್ವ, ನಿಂತುಹೋಗೇತಿ. ಪಟ್ಟಿಗೆ ಬಗ್ಗಂಗಿಲ್ಲ. ಚಾಲೂ ಮಾಡೂದು ಹೆಂಗ ಅಂತ ದೊಡ್ಡ ದೊಡ್ಡವರು ಹುಡುಕಾಕ ಹತ್ಯಾರ."

"ಸಿಕ್ರ ನನಗ ಹೇಳ್ತೀರೇನ್ರಿ?"

"ಮೊದಲ ಫೋನು ನಿನಗ."

ಅವಳು ಕಾಂಪೌಂಡರ್ ಕಡೆ ತಿರುಗಿ, ನನ್ನ ನಂಬರನ್ನು ತಡವರಿಸದೆ ಹೇಳಿ ಬರೆಸಿದಳು. ಬಾಗಿಲ ತನಕ ಬಂದವಳು ಮತ್ತೆ ಹಿಂದಕ್ಕೆ ಹೋದಳು. "ಡಾಕ್ಟರ್, ಮುಂಜಾನೆ ಮಾಡಬ್ಯಾಡ್ರಿ. ಫೋನ್ ಎತ್ತಿದ್ರ ನಮ್ಮಮ್ಮಗ ಸೂಪರ್‌ವೈಸರ್ ಬೈತಾನ. ಊಟದ ಬೆಲ್ ಹೊಡೆದ ಮ್ಯಾಲ ಮಾಡ್ರಿ."

ಈಗಲೂ ನಾನು ಕೆಲಸದಿಂದ ಬಂದ ಕೂಡಲೇ ಕೇಳುತ್ತಾಳೆ, "ಫೋನ್ ಬಂತೇನಮ್ಮ?" ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ. "ಇವತ್ತು ಊಟದ ಬೆಲ್ಲೇ ಹೊಡೀಲಿಲ್ಲ ಕಣಮ್ಮಿ," ಅನ್ನುತ್ತೇನೆ.

ಅವಳು ನನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾಳೆ. "ಹಂಗಾದ್ರ ಡಬ್ಬಿ ಯಾಕ ಖಾಲಿ ಐತಿ?"