ಒಳಗೆ ಬಟ್ಟೆ ಬಿಡದ ಮಾವ

ತಿಪಟೂರಿನ ಹೆಂಗಸರು ಉಸಿರು ಬಿಗಿಹಿಡಿಯುವುದನ್ನು ಕಲಿತದ್ದು ಯಾವ ಯೋಗಗುರುವಿನಿಂದಲೂ ಅಲ್ಲ, ನಮ್ಮ ಸೋದರಮಾವನಿಂದ!

ಮಾವ ಟೈಲರ್. ಹಾಗೆಂದರೆ ಅವನಿಗೆ ಸಿಟ್ಟು. ಬೊಂಬಾಯಿಯಲ್ಲಿ ಎರಡು ವರ್ಷ ಯಾರದೋ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕಿ ಬಂದವನು, ಕೊಬ್ಬರಿ ಮಂಡಿಗಳ ಬೀದಿಯಲ್ಲಿ 'ಫ್ಯಾಷನ್ ಡಿಸೈನರ್, ಪ್ಯಾರಿಸ್ ಮಾದರಿ' ಎಂದು ಬೋರ್ಡು ಬರೆಸಿದ. ಪ್ಯಾರಿಸ್ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಹುಳಿಯಾರಿನಿಂದಾಚೆ ಎಲ್ಲೋ ಇರಬೇಕೆಂದು ಜನ ಸುಮ್ಮನಾದರು.

ಮೊದಲು ಸಿಕ್ಕಿಬಿದ್ದವರು ಒಬ್ಬ ಮಂಡಿ ಸಾಹುಕಾರರು. ಅವರಿಗೆ ಬೆಲ್‌ಬಾಟಮ್! ಮೊಳಕಾಲಿನವರೆಗೆ ಚರ್ಮದಷ್ಟು ಬಿಗಿ, ಅಲ್ಲಿಂದ ಕೆಳಗೆ ಎರಡು ಛತ್ರಿ. ತೊಟ್ಟ ದಿನ ಅವರು ಗಾದಿಯ ಮೇಲೆ ಕೂರಲಾಗದೆ ಇಡೀ ವ್ಯಾಪಾರವನ್ನು ನಿಂತೇ ನಡೆಸಿದರು.

"ಏನಪ್ಪ ಇದು, ಕೂರಕ್ಕೇ ಆಯ್ತಿಲ್ವಲ್ಲ!"

"ಕೂರೋರಿಗೆ ಪಂಚೆ ಐತಲ್ಲ ಸಾವ್ಕಾರ್ರೇ! ಇದು ನಿಲ್ಲೋರಿಗೆ."

ಆಮೇಲೆ ತೆಂಗಿನ ಚಿಪ್ಪಿನ ಗುಂಡಿಗಳ ಕಾಲ ಬಂತು. ಒಬ್ಬ ಟೀಚರಮ್ಮನ ರವಿಕೆಗೆ ಬೆನ್ನುದ್ದಕ್ಕೂ ಒಂಬತ್ತು ಗುಂಡಿ. ಕುರ್ಚಿಗೆ ಒರಗಿದರೆ ಟಕಟಕ. ಅವರು ತೂಕಡಿಸುವ ಹೊತ್ತು ಇಡೀ ಶಾಲೆಗೆ ತಿಳಿದುಹೋಯಿತು!

ಇಷ್ಟನ್ನೂ ಊರು ಕ್ಷಮಿಸಿತು. ಕ್ಷಮಿಸದೆ ಉಳಿದದ್ದು ಒಂದೇ: ಮಾವ ಒಳಗೆ ಬಟ್ಟೆ ಬಿಡುತ್ತಿರಲಿಲ್ಲ. ನಮ್ಮ ಕಡೆ ರವಿಕೆ ಹೊಲಿಸುವುದೇ ಹತ್ತು ವರ್ಷದ ಲೆಕ್ಕದಲ್ಲಿ. ಮೈ ತುಂಬಿದಂತೆ ಹೊಲಿಗೆ ಬಿಚ್ಚಿ ಸಡಿಲಿಸಿಕೊಳ್ಳಲು ಎರಡು ಪಕ್ಕದಲ್ಲೂ ಬಟ್ಟೆ ಮಡಿಸಿ ಬಿಟ್ಟಿರಲೇಬೇಕು. ಹಾಗೆ ಕೇಳಿದರೆ ಮಾವ ಕತ್ತರಿ ಕೆಳಗಿಡುತ್ತಿದ್ದ.

"ಬಟ್ಟೆ ಇವತ್ತಿನ ಮೈಗೆ ಕಣಮ್ಮ. ಮುಂದಿನ್ವರ್ಷದ ಮೈನ ಮುಂದಿನ್ವರ್ಷ ಕರ್ಕೊಂಡ್ ಬಾ."

ಯಾರು ಕರೆದುಕೊಂಡು ಬರುತ್ತಾರೆ? ಗಿರಾಕಿಗಳೆಲ್ಲ ಎದುರಂಗಡಿಗೆ ದಾಟಿದರು. ಕೊನೆಗೆ ಮಾವನಿಗೆ ಉಳಿದದ್ದು ಕೊಬ್ಬರಿ ಚೀಲ ಹೊಲಿಯುವ ಕೆಲಸ. ಅದರ ಬಾಯಿಗೂ ಅಲೆಅಲೆ ಡಿಸೈನು!

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು.

"ಸೋದರಮಾವ ಕಣಕ್ಕ ನಾನು. ಧಾರೆ ರವಿಕೆ ಬೇರೆಯೋನು ಹೊಲಿದ್ರೆ ಅಂಗ್ಡಿ ಮುಚ್ಚಿಬುಡ್ತೀನಿ" ಎಂದ ಮಾವ ಅಮ್ಮನಿಗೆ. ಕಣ್ಣು ಒದ್ದೆಯಾಗಿತ್ತು.

"ಒಳಗೆ ಬಟ್ಟೆ ಬಿಡ್ತೀನಿ ಅನ್ನು, ಕೊಡ್ತೀನಿ" ಎಂದಳು ಅಮ್ಮ.

"ಅದೊಂದ್ ಆಗಕ್ಕಿಲ್ಲ."

ನಾನೇ ಗುಟ್ಟಾಗಿ ಬಟ್ಟೆ ತಲುಪಿಸಿದೆ. ಮಾವ ಹೊಲಿದು ತಂದ ರೇಷ್ಮೆ ರವಿಕೆಯನ್ನು ಅಮ್ಮ ತಿರುಗಿಸಿ ನೋಡಿದಳು. ಒಳಗೆಲ್ಲ ಲೈನಿಂಗ್ ಮುಚ್ಚಿತ್ತು.

"ಬಿಟ್ಟಿದೀಯೇನ್ಲಾ?"

"ಒಂದ್ ನೂಲೂ ಇಲ್ಲ!"

ಧಾರೆಯ ಹೊತ್ತಿನಲ್ಲಿ ನಾನು ತುಟಿ ಬಿಚ್ಚದೆ ಕುಳಿತದ್ದನ್ನು ಕಂಡು ಬೀಗರು ಎಂಥ ನಾಚಿಕೆಯ ಹುಡುಗಿ ಎಂದು ಮೆಚ್ಚಿದರು. ನಾಚಿಕೆಯಲ್ಲ, ಉಸಿರಿನ ಉಳಿತಾಯ!

ಮೊದಲ ಹೆರಿಗೆಯಾದ ಮೇಲೆ ಆ ರವಿಕೆ ಮೈಗೇರಲಿಲ್ಲ. ಟ್ರಂಕಿನ ತಳಕ್ಕೆ ಹಾಕಿದೆ. ತವರಿಗೆ ಹೋದಾಗಲೆಲ್ಲ ಮಾವ, "ಆ ರವಿಕೆ ಒಂದ್ಸಲ ತಗೊಂಬಾರೇ" ಎನ್ನುತ್ತಿದ್ದ.

"ತಂದು ಏನ್ಮಾಡ್ಲಿ ಮಾವ? ಅದ್ರಾಗೆ ಬಟ್ಟೆ ಎಲ್ಲೈತೆ?" ಎಂದು ನಾನು ನಗುತ್ತಿದ್ದೆ. ಅವನು ಸೂಜಿಗೆ ದಾರ ಪೋಣಿಸುತ್ತಿದ್ದ.

ಹೋದ ತಿಂಗಳು ಮಾವ ತೀರಿಕೊಂಡ. ಶಿವಗಣಾರಾಧನೆಯ ದಿನ ಅವನು ಹೊಲಿದದ್ದನ್ನೇ ತೊಡಬೇಕೆನಿಸಿತು. ಬೇರೆ ಬಟ್ಟೆಯ ಪಟ್ಟಿಯನ್ನಾದರೂ ಕೊಟ್ಟು ಅಗಲ ಮಾಡೋಣವೆಂದು ಲೈನಿಂಗ್ ಬಿಚ್ಚಿದೆ.

ಎರಡು ಪಕ್ಕದಲ್ಲೂ ನಾಲ್ಕು ಬೆರಳಗಲ ರೇಷ್ಮೆ ಮಡಿಸಿ ಬಿಟ್ಟಿದ್ದ. ಅದರ ಮೇಲೆ ಸಾಲಾಗಿ ಮೂರು ಹೊಲಿಗೆ, ಒಂದಾದ ಮೇಲೊಂದು ಬಿಚ್ಚಿಕೊಳ್ಳಲು.

ಎರಡನ್ನು ಬಿಚ್ಚಿ ತೊಟ್ಟೆ. ಸರಿಹೋಯಿತು. ಉಸಿರಾಡಲೂ ಆಗುತ್ತಿತ್ತು.

ಮೂರನೆಯದು ಇನ್ನೂ ಇದೆ.